ಕೈಗೆ ಒಪ್ಪುವ ಮಡಚು ಚಾಕು: ಕೊಳ್ಳುವ ಮುನ್ನ ಏನೇನು ನೋಡಬೇಕು?

ಗಂಗಾವತಿಯ ಗದ್ದೆಯಲ್ಲಿ ಗೊಬ್ಬರದ ಚೀಲದ ಹೊಲಿಗೆ ಬಿಚ್ಚಬೇಕು. ಕುಷ್ಟಗಿಯ ದಾಳಿಂಬೆ ತೋಟದಲ್ಲಿ ಡ್ರಿಪ್ ಪೈಪು ಕತ್ತರಿಸಬೇಕು. ರಾಯಚೂರಿನ ಮಾರುಕಟ್ಟೆಗೆ ಬಂದ ಹತ್ತಿ ಅಂಡಿಗೆಯ ಸುತಳಿ ಕೊಯ್ಯಬೇಕು, ಬಳ್ಳಾರಿಯ ಜೀನ್ಸ್ ಘಟಕದಲ್ಲಿ ಬಂಡಲ್ ಬಿಚ್ಚಬೇಕು. ಇಂಥ ಹೊತ್ತಿನಲ್ಲಿ ನಮ್ಮ ಭಾಗದ ಎಷ್ಟೋ ಜನ ಕುಡಗೋಲು ಹುಡುಕುತ್ತಾರೆ, ಅದು ಸಿಗದಿದ್ದರೆ ಹಲ್ಲಿನಿಂದಲೇ ಹರಿಯುತ್ತಾರೆ. ಜೇಬಿನಲ್ಲಿ ಒಂದು ಒಳ್ಳೆಯ ಮಡಚು ಚಾಕು ಇದ್ದರೆ ಇವೆಲ್ಲ ಕ್ಷಣದ ಕೆಲಸ.

ಆದರೆ ಒಳ್ಳೆಯ ಚಾಕು ಆರಿಸುವುದು ಹೊಳಪು ನೋಡಿ ಆಗುವ ಕೆಲಸವಲ್ಲ. ಅಂಗಡಿಯಲ್ಲಿ ಮಾತು ಶುರುವಾಗುವುದೇ ಉಕ್ಕಿನಿಂದ: ಇದು ಜರ್ಮನ್ ಸ್ಟೀಲು, ಇದು ಜಪಾನಿನದು ಎಂದು. ನಾನು ಹೇಳುವ ಕ್ರಮ ಇದಕ್ಕೆ ತಿರುಗಮುರುಗ. ಮೊದಲು ಕೈ, ಆಮೇಲೆ ಲಾಕ್, ಆಮೇಲೆ ಕೀಲು. ಉಕ್ಕಿನ ಮಾತು ಕೊನೆಗೆ. ಎಷ್ಟೇ ಒಳ್ಳೆಯ ಉಕ್ಕಿನ ಚಾಕು ಆಗಲಿ, ಕೈಯಲ್ಲಿ ಜಾರಿದರೆ ಅಥವಾ ಕೊಯ್ಯುವಾಗ ತಾನೇ ಮಡಚಿಕೊಂಡರೆ ಮೊದಲು ಕೊಯ್ಯುವುದು ನಿಮ್ಮ ಬೆರಳನ್ನು.

ಮನೆಯಲ್ಲೇ ಕೈ ಅಳೆದುಕೊಳ್ಳಿ

ಬಟ್ಟೆ ಅಳೆಯುವ ಟೇಪು ತೆಗೆದುಕೊಂಡು ಹೆಬ್ಬೆರಳು ಬಿಟ್ಟು ಉಳಿದ ನಾಲ್ಕು ಬೆರಳ ಬುಡದಲ್ಲಿ ಅಂಗೈಯ ಅಗಲ ಅಳೆಯಿರಿ. ಹಿಡಿಕೆಯ ಉದ್ದ ಅದಕ್ಕಿಂತ ಒಂದೂವರೆ, ಎರಡು ಸೆಂಟಿಮೀಟರ್ ಹೆಚ್ಚಿರಬೇಕು. ಅಂಗೈ ಎಂಟೂವರೆ ಸೆಂ.ಮೀ. ಇದ್ದವರಿಗೆ ಹತ್ತು, ಹತ್ತೂವರೆ ಸೆಂ.ಮೀ. ಹಿಡಿಕೆ ಸಾಕು. ಇದಕ್ಕಿಂತ ಗಿಡ್ಡವಾದರೆ ಕಿರುಬೆರಳು ಹೊರಗೆ ಉಳಿಯುತ್ತದೆ, ಹಿಡಿತದ ಬಲ ಅಷ್ಟು ತಗ್ಗುತ್ತದೆ.

ಹೋಲಿಕೆಗೆ ಪ್ರಸಿದ್ಧ ಚಾಕುಗಳ ಅಳತೆ ತಿಳಿದಿದ್ದರೆ ಅನುಕೂಲ. ಸ್ವಿಟ್ಜರ್ಲೆಂಡಿನ ವಿಕ್ಟೋರಿನಾಕ್ಸ್ ಚಾಕುಗಳು ಮಡಚಿದಾಗ 58, 91, 111 ಮಿ.ಮೀ. ಹೀಗೆ ಬೇರೆಬೇರೆ ಉದ್ದದಲ್ಲಿ ಬರುತ್ತವೆ. 58ರದ್ದು ಕೀಲಿಕೈ ಗೊಂಚಲಿಗೆ ತಕ್ಕದ್ದು, ಹೊಲಕ್ಕಲ್ಲ. ಇಡೀ ಮುಷ್ಟಿ ಹಿಡಿದು ಕೊಯ್ಯುವವರಿಗೆ 111 ಸರಿ. ಫ್ರಾನ್ಸಿನ ಸವೊಯ್ ಪ್ರಾಂತ್ಯದಲ್ಲಿ 1890ರಿಂದ ತಯಾರಾಗುತ್ತಿರುವ ಒಪಿನೆಲ್ ಚಾಕುಗಳಿಗೆ ಸಂಖ್ಯೆಯೇ ಅಳತೆ. ಎಂಟನೇ ನಂಬರಿನ ಅಲಗು ಎಂಟೂವರೆ ಸೆಂ.ಮೀ., ಹಿಡಿಕೆ ಸುಮಾರು ಹನ್ನೊಂದು. ಇವನ್ನೇ ಕೊಳ್ಳಬೇಕೆಂದಿಲ್ಲ, ಅಳತೆಗೆ ಒಂದು ಆಧಾರವಾಗಲಿ.

ಒಂದು ಮಾತು ಒತ್ತಿ ಹೇಳಬೇಕು. ಕಳೆ ತೆಗೆಯುವುದರಿಂದ ಹಿಡಿದು ಮೆಣಸಿನಕಾಯಿ ಚೀಲ ತುಂಬುವವರೆಗೆ ಹೊಲದ ಅರ್ಧಕ್ಕೂ ಹೆಚ್ಚು ಕೆಲಸ ಹೆಣ್ಣುಮಕ್ಕಳ ಕೈಯಲ್ಲೇ ನಡೆಯುತ್ತದೆ. ಚಾಕು ಮಾತ್ರ ಮನೆಯ ಗಂಡಸಿನ ಕೈಗೆ ನೋಡಿ ತರುತ್ತೇವೆ. ಸಣ್ಣ ಕೈಗೆ ದಪ್ಪ ಹಿಡಿಕೆ ಕೊಟ್ಟರೆ ಬೆರಳುಗಳು ಪೂರ್ತಿ ಸುತ್ತುವುದಿಲ್ಲ, ಬೇಗ ಮಣಿಕಟ್ಟು ನೋಯುತ್ತದೆ. ಯಾರು ಬಳಸುತ್ತಾರೋ ಅವರನ್ನೇ ಅಂಗಡಿಗೆ ಕರೆದುಕೊಂಡು ಹೋಗಿ.

ಅಂಗಡಿಯಲ್ಲಿ: ಹಿಡಿದು, ಹಿಚುಕಿ ನೋಡಿ

"ಅಣ್ಣಾರ, ಒಮ್ಮೆ ಬಿಚ್ಚಿ ನೋಡ್ಲೇನ್ರೀ?" ಎಂದು ಕೇಳಲು ಸಂಕೋಚ ಬೇಡ. ಪ್ಯಾಕೆಟ್ ಬಿಚ್ಚಿ ಕೊಡದ ಅಂಗಡಿಯಲ್ಲಿ ಚಾಕು ಕೊಳ್ಳಬೇಡಿ.

ಚಾಕು ತೆರೆದು, ಹಗ್ಗ ಕೊಯ್ಯುವಂತೆ ಮುಷ್ಟಿಯಲ್ಲಿ ಬಿಗಿಯಾಗಿ ಹಿಡಿದು ಹತ್ತು ಎಣಿಸಿ. ಕೈಬಿಟ್ಟು ಅಂಗೈ ನೋಡಿ. ಎಲ್ಲಾದರೂ ಕೆಂಪು ಗೆರೆ ಮೂಡಿದ್ದರೆ ಹಿಡಿಕೆಯ ಆ ಅಂಚನ್ನು ಉಜ್ಜಿ ಗುಂಡಗೆ ಮಾಡಿಲ್ಲ ಎಂದರ್ಥ. ಅಂಗಡಿಯಲ್ಲಿ ಮೂಡುವ ಆ ಗೆರೆ ಹೊಲದಲ್ಲಿ ಒಂದು ತಾಸಿನ ಕೆಲಸಕ್ಕೆ ಬೊಬ್ಬೆಯಾಗುತ್ತದೆ. ಜೇಬಿಗೆ ಸಿಕ್ಕಿಸುವ ಕ್ಲಿಪ್ಪು ಅಂಗೈಗೆ ಒತ್ತುತ್ತದೆಯೇ ಎಂಬುದನ್ನೂ ಆಗಲೇ ನೋಡಿ. ಆಮೇಲೆ ಹೆಬ್ಬೆರಳನ್ನು ಅಲಗಿನ ಬೆನ್ನಿನ ಮೇಲಿಟ್ಟು, ಹಣ್ಣು ಹೆಚ್ಚುವಂತೆ ಹಿಡಿದು ನೋಡಿ. ಎರಡೂ ಹಿಡಿತದಲ್ಲಿ ತೋರುಬೆರಳು ಮುಂದೆ ಜಾರಿ ಅಲಗಿನ ಬಾಯಿಗೆ ಹೋಗದಂತೆ ಅಲ್ಲೊಂದು ತಗ್ಗೋ ಉಬ್ಬೋ ಇರಬೇಕು. ಇದು ಇಲ್ಲದ ಚಾಕು ನನ್ನ ಪ್ರಕಾರ ಕೆಲಸದ ಚಾಕುವೇ ಅಲ್ಲ.

ನಮ್ಮ ಬಿಸಿಲಿಗೆ ಹಿಡಿಕೆಯ ಸಾಮಗ್ರಿ ದೊಡ್ಡ ಪ್ರಶ್ನೆ. ರಾಯಚೂರಿನ ಏಪ್ರಿಲ್, ಮೇ ತಿಂಗಳಲ್ಲಿ ಉಷ್ಣಾಂಶ 40 ಡಿಗ್ರಿ ದಾಟುವುದು ಸಾಮಾನ್ಯ. ಬೈಕಿನ ಟ್ಯಾಂಕಿನ ಮೇಲೋ ಬದುವಿನ ಮೇಲೋ ಇಟ್ಟ ಪೂರಾ ಸ್ಟೀಲಿನ, ಹಿತ್ತಾಳೆಯ ಅಥವಾ ಅಲ್ಯೂಮಿನಿಯಂ ಹಿಡಿಕೆಯನ್ನು ಮುಟ್ಟಲಾಗುವುದಿಲ್ಲ, ಬೆವರಿದ ಕೈಯಲ್ಲಿ ಅದು ಜಾರುವುದೂ ಹೆಚ್ಚು. ಮರ, ಗಾಜಿನ ನಾರು ಸೇರಿಸಿದ ನೈಲಾನ್ ಅಥವಾ ಜಿ10 ಎಂಬ ಒರಟು ಪದರದ ಹಿಡಿಕೆ ನಮಗೆ ಹೊಂದುತ್ತವೆ. ಮರಕ್ಕೆ ಒಂದು ದೋಷವಿದೆ: ನೀರು ಕುಡಿದರೆ ಉಬ್ಬುತ್ತದೆ. ಗದ್ದೆಯ ಕೆಸರಿನಲ್ಲಿ ದಿನವಿಡೀ ನೆನೆದ ಮರದ ಹಿಡಿಕೆಯಿಂದ ಅಲಗು ಹೊರಗೆಳೆಯುವುದೇ ಕಷ್ಟವಾಗುತ್ತದೆ. ಕಂಪ್ಲಿ, ಸಿರುಗುಪ್ಪದ ಭತ್ತದವರು ನೈಲಾನ್ ನೋಡಲಿ. ಒಣಬೇಸಾಯದವರಿಗೆ ಮರದಷ್ಟು ಹಿತವಾದದ್ದು ಬೇರೊಂದಿಲ್ಲ.

ಬೆರಳು ಒದ್ದೆ ಮಾಡಿಕೊಂಡು ಒಮ್ಮೆ ತೆರೆದು ನೋಡಿ. ಅಲಗಿನಲ್ಲಿ ಉಗುರು ಸಿಕ್ಕಿಸುವ ಗೀರು ಮಾತ್ರ ಇದ್ದರೆ ಒದ್ದೆ ಕೈಗೆ ಅದು ಒಗ್ಗುವುದಿಲ್ಲ. ಹೆಬ್ಬೆರಳಿನಿಂದ ದೂಡುವ ಗುಬ್ಬಿಯೋ ತೂತೋ ಇದ್ದರೆ ಒಂದೇ ಕೈಯಲ್ಲಿ ತೆರೆಯಬಹುದು. ಇನ್ನೊಂದು ಕೈಯಲ್ಲಿ ಚೀಲವನ್ನೋ ಎತ್ತಿನ ಹಗ್ಗವನ್ನೋ ಹಿಡಿದಿರುವವರಿಗೆ ಇದರ ಬೆಲೆ ಗೊತ್ತು.

ಲಾಕ್: ಇಲ್ಲಿ ಅವಸರ ಬೇಡ

ಮಡಚು ಚಾಕುವಿನಲ್ಲಿ ಅಲಗನ್ನು ತೆರೆದ ಸ್ಥಿತಿಯಲ್ಲಿ ನಿಲ್ಲಿಸುವ ಬಗೆಗಳು ಹಲವು. ಅಂಗಡಿಯಲ್ಲಿ ನಿಮ್ಮ ಕೈಗೆ ಬರುವುದು ಬಹುತೇಕ ನಾಲ್ಕು.

ಬರೀ ಸ್ಪ್ರಿಂಗಿನದು ಹಳೆಯ ಕಾಲದ್ದು. ಬೆನ್ನಿನ ಸ್ಪ್ರಿಂಗ್ ಅಲಗನ್ನು ಒತ್ತಿ ಹಿಡಿಯುತ್ತದೆ, ನಿಜವಾದ ಲಾಕ್ ಇರುವುದಿಲ್ಲ. ಹಣ್ಣು, ಸುತಳಿ, ಕಾಗದಕ್ಕೆ ಇದು ಸಾಕು. ಚುಚ್ಚುವ, ಕೊರೆಯುವ ಕೆಲಸಕ್ಕೆ ಬೇಡ. ಎರಡನೆಯದು ಉಂಗುರದ ಲಾಕ್. ಅಲಗಿನ ಬುಡದ ಲೋಹದ ಉಂಗುರವನ್ನು ತಿರುಗಿಸಿದರೆ ಅಲಗು ಹಿಂದಕ್ಕೆ ಬರುವ ದಾರಿ ಮುಚ್ಚುತ್ತದೆ. ಒಪಿನೆಲ್‌ನವರು 1955ರಲ್ಲಿ ತಂದದ್ದು ಇದೇ. ಕಣ್ಣಿಗೆ ಕಾಣುವ ಸರಳ ರಚನೆಯಾದ್ದರಿಂದ ಮಣ್ಣು ಸೇರಿದರೂ ತೊಳೆಯುವುದು ಸುಲಭ. ಉಂಗುರ ತಿರುಗಿಸಲು ಮರೆತರೆ ಮಾತ್ರ ಲಾಕ್ ಇಲ್ಲ.

ಮೂರನೆಯದು ಬೆನ್ನಿನ ಲಾಕ್. ಹಿಡಿಕೆಯ ಬೆನ್ನಿನ ಸನ್ನೆಪಟ್ಟಿಯ ಕೊಕ್ಕೆ ಅಲಗಿನ ಬುಡದ ಕಚ್ಚಿನಲ್ಲಿ ಕೂರುತ್ತದೆ. ಗಟ್ಟಿಮುಟ್ಟಾದದ್ದು, ಎಡಗೈ ಬಲಗೈ ಎರಡಕ್ಕೂ ಸಮ. ಆದರೆ ನಮ್ಮ ಎರೆಮಣ್ಣು ಆ ಕಚ್ಚಿನಲ್ಲಿ ಮೆತ್ತಿ ಒಣಗಿದರೆ ಕೊಕ್ಕೆ ಪೂರ್ತಿ ಇಳಿಯುವುದಿಲ್ಲ. ಲಾಕ್ ಆದಂತೆ ಕಾಣುತ್ತದೆ, ಆಗಿರುವುದಿಲ್ಲ. ಎರೆಹೊಲದವರು ಆ ಕಚ್ಚನ್ನು ಕಡ್ಡಿಯಿಂದ ಕೆದರಿ ತೆಗೆಯುವ ರೂಢಿ ಇಟ್ಟುಕೊಳ್ಳಬೇಕು.

ಈಗ ಹೆಚ್ಚು ಮಾರಾಟವಾಗುವುದು ನಾಲ್ಕನೆಯದು, ಲೈನರ್ ಲಾಕ್. ಹಿಡಿಕೆಯೊಳಗಿನ ತಗಡಿನ ಪಟ್ಟಿ ಅಲಗಿನ ಬುಡದ ಹಿಂದೆ ಬಂದು ಅಡ್ಡ ನಿಲ್ಲುತ್ತದೆ. ಒಳ್ಳೆಯ ಕೆಲಸಗಾರಿಕೆಯೋ ಅಲ್ಲವೋ ಎಂಬುದು ಇಲ್ಲಿಯೇ ತಿಳಿಯುತ್ತದೆ. ಅಲಗು ತೆರೆದು ಆ ಪಟ್ಟಿ ಎಲ್ಲಿ ನಿಂತಿದೆ ನೋಡಿ. ಅಲಗಿನ ಬುಡದ ಅಗಲದಲ್ಲಿ ಮೂರನೇ ಒಂದು ಭಾಗದಿಂದ ಅರ್ಧದವರೆಗೆ ಬಂದಿದ್ದರೆ ಸರಿ. ಬರೀ ತುದಿಯಲ್ಲಿ ತಗುಲಿದ್ದರೆ ಜಾರುವ ಭಯ. ಹೊಸದರಲ್ಲೇ ಆಚೆ ಬದಿಯ ಗೋಡೆ ಮುಟ್ಟಿದ್ದರೆ ಮುಂದೆ ಸವೆದಾಗ ಸರಿಯಲು ಜಾಗವೇ ಉಳಿದಿಲ್ಲ. ಪಟ್ಟಿ ತೀರ ತೆಳುವಾಗಿದ್ದು ಬೆರಳಿಗೆ ಬಾಗುವಂತಿದ್ದರೆ ಅಲ್ಲೇ ವಾಪಸ್ ಕೊಡಿ. ಎಡಗೈಯವರಿಗೆ ಇನ್ನೊಂದು ಸೂಚನೆ: ಈ ಪಟ್ಟಿಯನ್ನು ಸಾಮಾನ್ಯವಾಗಿ ಬಲಗೈ ಹೆಬ್ಬೆರಳಿಗೆ ಹೊಂದುವಂತೆ ಇಟ್ಟಿರುತ್ತಾರೆ. ನಿಮಗೆ ಬೆನ್ನಿನ ಲಾಕ್ ಅಥವಾ ಉಂಗುರವೇ ಒಳ್ಳೆಯದು.

ಲಾಕ್ ಪರೀಕ್ಷೆ ಹೀಗೆ. ಅಲಗು ಪೂರ್ತಿ ತೆರೆಯಿರಿ. ಹಿಡಿಕೆಯನ್ನು ಎರಡೂ ಪಕ್ಕದಿಂದ ಮಾತ್ರ ಹಿಡಿಯಿರಿ, ಅಲಗು ಮಡಚುವ ದಾರಿಯಲ್ಲಿ ಒಂದು ಬೆರಳೂ ಇರಬಾರದು. ಅಲಗಿನ ಬೆನ್ನನ್ನು ಮರದ ಮೇಜಿನ ಅಂಚಿಗೆ ಒತ್ತಿ, ನಂತರ ಹಗುರವಾಗಿ ಎರಡು ಮೂರು ಸಲ ತಟ್ಟಿ. ಒಮ್ಮೆ ಸಡಿಲವಾದರೂ ಆ ಚಾಕು ಬೇಡ. ಸುತ್ತಿಗೆಯಂತೆ ಬಡಿಯಬೇಡಿ, ಒಳ್ಳೆಯ ಲಾಕ್ ಕೂಡ ಹಾಳಾಗುತ್ತದೆ.

ಕೀಲು ಮತ್ತು ಅಲಗು

ತೆರೆದ ಅಲಗಿನ ತುದಿಯನ್ನು ಎರಡು ಬೆರಳಲ್ಲಿ ಹಿಡಿದು ಎಡಕ್ಕೆ ಬಲಕ್ಕೆ, ಮೇಲಕ್ಕೆ ಕೆಳಕ್ಕೆ ಅಲುಗಿಸಿ. ಪಕ್ಕಕ್ಕೆ ಅಲುಗಿದರೆ ಕೀಲಿನ ಸ್ಕ್ರೂ ಬಿಗಿಸಿ ನೋಡಬಹುದು. ರಿವೆಟ್ ಹೊಡೆದ ಕೀಲಾದರೆ ಅದೂ ಆಗದು, ಕೊಳ್ಳಬೇಡಿ. ಮಡಚಿದ ಚಾಕುವನ್ನು ಬೆಳಕಿಗೆ ಹಿಡಿದರೆ ಅಲಗು ಹಿಡಿಕೆಯ ನಡುವೆ ನಿಂತಿರಬೇಕು. ಒಂದು ಬದಿಗೆ ಉಜ್ಜಿದ ಗೀರು ಕಂಡರೆ ಜೋಡಣೆ ಸರಿಯಿಲ್ಲ. ಮಡಚಿದಾಗ ಮೊನೆ ಪೂರ್ತಿ ಒಳಗೆ ಅಡಗಿರಬೇಕು. ಮೇಲೆ ಬೆರಳಾಡಿಸುವ ಬದಲು ಒಂದು ಬಟ್ಟೆ ಎಳೆದು ನೋಡಿ, ಸಿಕ್ಕಿಕೊಳ್ಳಬಾರದು.

ಅಲಗಿನ ಉದ್ದ ಏಳೆಂಟು ಸೆಂ.ಮೀ. ಸಾಕು. ದಪ್ಪ ಅಲಗು ಗಟ್ಟಿ ಎಂಬ ನಂಬಿಕೆ ನಮ್ಮಲ್ಲಿ ಬಲವಾಗಿದೆ, ಆದರೆ ನಾಲ್ಕು ಮಿ.ಮೀ. ದಪ್ಪದ ಅಲಗು ಪೇರಲ ಹಣ್ಣನ್ನು ಹೆಚ್ಚುವುದಿಲ್ಲ, ಬೆಣೆ ಹೊಡೆದಂತೆ ಸೀಳುತ್ತದೆ. ಬೆನ್ನಿನಲ್ಲಿ ಎರಡರಿಂದ ಮೂರು ಮಿ.ಮೀ. ಇದ್ದು, ಬಾಯಿಯ ಕಡೆಗೆ ತೆಳುವಾಗುತ್ತ ಬಂದ ಅಲಗು ಚೆನ್ನಾಗಿ ಕೊಯ್ಯುತ್ತದೆ. ಚೀಲ, ಪೈಪಿನ ಕೆಲಸವೇ ಹೆಚ್ಚಿದ್ದರೆ ಬಾಯಿ ನೇರವಾಗಿದ್ದು ತುದಿ ಮೊಂಡಾಗಿರುವ ಆಕಾರ ಕೇಳಿ. ಒಳಗಿನ ಸಾಮಾನಿಗೆ ಚುಚ್ಚುವುದಿಲ್ಲ, ದನ ಕರುಗಳ ಹತ್ತಿರ ಬಳಸಲೂ ಭಯವಿಲ್ಲ.

ಬಾಯಿಯ ಪರೀಕ್ಷೆಗೆ ಬೆರಳು ಬೇಡ. ದೀಪದ ಕೆಳಗೆ ಬಾಯಿಯನ್ನು ಮೇಲ್ಮುಖವಾಗಿ ಹಿಡಿಯಿರಿ. ಹರಿತವಾದ ಬಾಯಿ ಬೆಳಕು ಮರಳಿಸುವುದಿಲ್ಲ. ಎಲ್ಲಿ ಬಿಳಿ ಚುಕ್ಕೆ ಮಿನುಗಿತೋ ಅಲ್ಲಿ ಮೊಂಡು.

ಇನ್ನು ಉಕ್ಕು

ತೋರಣಗಲ್ಲಿನಲ್ಲಿ ಅಷ್ಟು ದೊಡ್ಡ ಉಕ್ಕಿನ ಕಾರ್ಖಾನೆ ಇದೆ, ಆದರೆ ಕಟ್ಟಡದ ಕಂಬಿ ಬಡಿದು ಚಾಕು ಮಾಡಲಾಗದು. ಕಂಬಿಯಲ್ಲಿ ಇಂಗಾಲ ಶೇ 0.3ರ ಒಳಗಿರುತ್ತದೆ, ಕಾಸಿ ಅದ್ದಿದರೂ ಹರಿತ ಉಳಿಸುವಷ್ಟು ಗಟ್ಟಿಯಾಗುವುದಿಲ್ಲ. ಚಾಕುವಿಗೆ ಸುಮಾರು ಶೇ 0.5ರಿಂದ ಮೇಲೆ ಇಂಗಾಲ ಬೇಕು. ಕಮ್ಮಾರರು ಕುಡಗೋಲಿಗೆ ಲಾರಿಯ ಹಳೆಯ ಸ್ಪ್ರಿಂಗ್ ಪಟ್ಟಿ ಹುಡುಕುವುದು ಇದಕ್ಕೇ.

ಬರೀ ಇಂಗಾಲದ ಉಕ್ಕು ಬೇಗ ಹರಿತವಾಗುತ್ತದೆ, ಆದರೆ ನಿಂಬೆ, ಹುಣಸೆ, ಮಾವಿನಕಾಯಿ ತಗುಲಿದರೆ ಕಪ್ಪಾಗುತ್ತದೆ, ಒರೆಸದಿದ್ದರೆ ತುಕ್ಕು ಹಿಡಿಯುತ್ತದೆ. ಶೇ 10.5ಕ್ಕಿಂತ ಹೆಚ್ಚು ಕ್ರೋಮಿಯಂ ಇದ್ದರೆ ಸ್ಟೇನ್‌ಲೆಸ್ ಎನ್ನುತ್ತಾರೆ. ಈಗ ಜನಪ್ರಿಯವಾಗಿರುವ ಡಿ2 ಉಕ್ಕಿನಲ್ಲಿ ಸುಮಾರು ಶೇ 12 ಕ್ರೋಮಿಯಂ ಇದ್ದರೂ ಅದರಲ್ಲಿ ಹೆಚ್ಚಿನ ಪಾಲು ಇಂಗಾಲದ ಜೊತೆ ಕಟ್ಟಿಕೊಂಡಿರುತ್ತದೆ. ಹಾಗಾಗಿ ಅದೂ ತುಕ್ಕು ಹಿಡಿಯುತ್ತದೆ. ಗಡಸುತನವನ್ನು ರಾಕ್‌ವೆಲ್ ಅಳತೆಯಲ್ಲಿ ಬರೆದಿರುತ್ತಾರೆ. 60 ದಾಟಿದ್ದು ಹರಿತ ಹೆಚ್ಚು ಕಾಲ ಉಳಿಸುತ್ತದೆ, ಆದರೆ ಮನೆಯ ಸಾಣೆಕಲ್ಲಿಗೆ ಸುಲಭವಾಗಿ ಮಣಿಯುವುದಿಲ್ಲ. ಹೊಲದ ಕೆಲಸಕ್ಕೆ 56ರಿಂದ 58ರ ನಡುವಿನ ಸಾಮಾನ್ಯ ಸ್ಟೇನ್‌ಲೆಸ್ ಸಾಕು ಎಂಬುದು ನನ್ನ ಖಚಿತ ಅಭಿಪ್ರಾಯ.

ಕಾನೂನು ತಿಳಿದಿರಲಿ

1959ರ ಶಸ್ತ್ರಾಸ್ತ್ರ ಕಾಯ್ದೆಯಡಿಯ ನಿಯಮಗಳಲ್ಲಿ ಅಲಗು ಒಂಬತ್ತು ಇಂಚಿಗಿಂತ ಉದ್ದ ಅಥವಾ ಎರಡು ಇಂಚಿಗಿಂತ ಅಗಲ ಇರುವ ಚಾಕು, ಕತ್ತಿಗಳು ಆಯುಧದ ಪಟ್ಟಿಗೆ ಬರುತ್ತವೆ. ಮನೆ, ಕೃಷಿ, ಕೈಗಾರಿಕೆಗೆಂದೇ ಮಾಡಿದವಕ್ಕೆ ವಿನಾಯಿತಿ ಇದೆ. ಜೇಬಿನ ಚಾಕು ಈ ಅಳತೆಗಿಂತ ಬಹಳ ಚಿಕ್ಕದು. ಆದರೂ ಗುಂಡಿ ಒತ್ತಿದರೆ ಚಿಮ್ಮುವ ಚಾಕು ಕೊಳ್ಳಬೇಡಿ. ಅದು ಕೆಲಸಕ್ಕೂ ಬರುವುದಿಲ್ಲ, ತೊಂದರೆಯನ್ನೂ ತರುತ್ತದೆ. ನಿಷೇಧಾಜ್ಞೆ ಇರುವಾಗ, ಕೊಪ್ಪಳದ ಗವಿಮಠದ ಜಾತ್ರೆಯಂಥ ಜನಸಂದಣಿಗೆ ಹೋಗುವಾಗ ಚಾಕು ಮನೆಯಲ್ಲಿರಲಿ. ವಿದ್ಯಾನಗರದಿಂದ ವಿಮಾನ ಹತ್ತುವವರು ಕೈಚೀಲದಲ್ಲಿ ಇಟ್ಟುಕೊಂಡರೆ ತಪಾಸಣೆಯಲ್ಲಿ ತೆಗೆದುಕೊಳ್ಳುತ್ತಾರೆ.

ತಂದ ಮೇಲೆ

ಮಣ್ಣು, ಹತ್ತಿಯ ನಾರು ಕೀಲಿಗೆ ಸೇರಿದರೆ ಸೋಪಿನ ನೀರಲ್ಲಿ ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತೊಳೆದು, ಪೂರ್ತಿ ಒಣಗಿಸಿ, ಹೊಲಿಗೆ ಮಷಿನ್ನಿನ ಎಣ್ಣೆ ಒಂದು ಹನಿ ಬಿಡಿ. ಅಡುಗೆ ಎಣ್ಣೆ ಬೇಡ, ಸ್ವಲ್ಪ ದಿನಕ್ಕೆ ಅಂಟಾಗಿ ಧೂಳು ಹಿಡಿಯುತ್ತದೆ. ಬೀದಿಯಲ್ಲಿ ಬರುವ ಸಾಣೆ ಚಕ್ರಕ್ಕೆ ಸಣ್ಣ ಅಲಗು ಕೊಡಬೇಡಿ, ಕಿಡಿ ಹಾರುವಷ್ಟು ಬಿಸಿಯಾದರೆ ಬಾಯಿಯ ಹದ ಹೋಗುತ್ತದೆ. ಒದ್ದೆ ಕಲ್ಲಿನ ಮೇಲೆ ನೀವೇ ಮಸೆಯಿರಿ. ಕೋನ ತಿಳಿಯಲು ಒಂದು ಚೌಕ ಕಾಗದದ ಮೂಲೆಯನ್ನು ಒಮ್ಮೆ ಮಡಚಿದರೆ 45 ಡಿಗ್ರಿ, ಇನ್ನೊಮ್ಮೆ ಮಡಚಿದರೆ ಇಪ್ಪತ್ತೆರಡೂವರೆ. ಅದಕ್ಕಿಂತ ಕೂದಲೆಳೆಯಷ್ಟು ಕಡಿಮೆ ಕೋನದಲ್ಲಿ ಅಲಗು ಹಿಡಿದು, ಎರಡೂ ಬದಿಗೆ ಸಮನಾಗಿ, ಭಾರ ಹಾಕದೆ ಎಳೆಯಿರಿ.