ನೆಗಡಿಯ ಬಗೆ ಗುರುತಿಸುವುದು: ಚೀನೀ ವೈದ್ಯದಲ್ಲಿ ನನ್ನ ಅನುಭವ

ನೆಗಡಿಯೆಂದು ಬಂದವರನ್ನು ನಾನು ಮೊದಲು ಕೇಳುವುದು ಚಳಿಯ ಬಗ್ಗೆ. ಎರಡು ಕಂಬಳಿ ಹೊದ್ದರೂ ಬಿಡದ ಚಳಿಯೋ, ಗಾಳಿ ಮೈಗೆ ತಾಗಿದಾಗ ಮಾತ್ರ ಆಗುವ ಕಿರಿಕಿರಿಯೋ? ಆಮೇಲೆ ಬೆವರು, ಗಂಟಲು, ಬಾಯಾರಿಕೆ, ಹೊಟ್ಟೆ. ಥರ್ಮಾಮೀಟರಿನ ಅಂಕಿಯನ್ನೂ ಬರೆದುಕೊಳ್ಳುತ್ತೇನೆ, ಆದರೆ ನೆಗಡಿಯ ಬಗೆ ಅದರಿಂದ ತಿಳಿಯುವುದಿಲ್ಲ. 38 ಡಿಗ್ರಿ ಜ್ವರ ಶೀತದ ನೆಗಡಿಯಲ್ಲೂ ಇರುತ್ತದೆ, ಉಷ್ಣದ ನೆಗಡಿಯಲ್ಲೂ ಇರುತ್ತದೆ.

ನೆಗಡಿ ಬರುವುದು ವೈರಸ್ಸಿನಿಂದ, ಹೆಚ್ಚಿನವರಿಗೆ ಏಳರಿಂದ ಹತ್ತು ದಿನದಲ್ಲಿ ತಾನಾಗಿ ಹೋಗುತ್ತದೆ. ಚೀನೀ ವೈದ್ಯದ ವಿಂಗಡಣೆ ವೈರಸ್ಸಿನ ಹೆಸರು ಹೇಳುವುದಿಲ್ಲ. ಈ ಹೊತ್ತಿನಲ್ಲಿ ಈ ಮೈ ಹೇಗೆ ಎದುರಾಡುತ್ತಿದೆ ಎಂಬುದನ್ನು ಅದು ಹೇಳುತ್ತದೆ. ಹಾಗಾಗಿ ಒಂದೇ ಮನೆಯಲ್ಲಿ ಒಬ್ಬರಿಂದೊಬ್ಬರಿಗೆ ಅಂಟಿದ ನೆಗಡಿ ಅಜ್ಜಿಯಲ್ಲಿ ಗಾಳಿ-ಶೀತದ ಬಗೆಯಾಗಿ, ಮೊಮ್ಮಗನಲ್ಲಿ ಗಾಳಿ-ಉಷ್ಣದ ಬಗೆಯಾಗಿ ಕಾಣಬಹುದು. ಇವತ್ತು ಶೀತವಾಗಿದ್ದದ್ದು ಎರಡು ದಿನದಲ್ಲಿ ಉಷ್ಣಕ್ಕೆ ತಿರುಗುವುದೂ ಸಾಮಾನ್ಯ. ಆದ್ದರಿಂದ ಒಂದು ಸಲಕ್ಕೆ ಎರಡು ದಿನಕ್ಕಿಂತ ಹೆಚ್ಚಿನ ಕಷಾಯ ಕೊಡುವುದಿಲ್ಲ. ಮುಗಿದ ಮೇಲೆ ಮತ್ತೆ ನೋಡಿ, ಮತ್ತೆ ಕೇಳಿ, ಬೇಕಾದರೆ ಮದ್ದು ಬದಲಾಯಿಸುತ್ತೇನೆ.

ಗಾಳಿ-ಶೀತದ ಲಕ್ಷಣಗಳು ಸ್ಪಷ್ಟ. ಚಳಿ ಜೋರು, ಜ್ವರ ಕಡಿಮೆ. ಕುತ್ತಿಗೆಯ ಹಿಂಭಾಗ ಬಿಗಿದು ಮೈಕೈ ನೋಯುತ್ತದೆ. ಮೂಗಿನಿಂದ ನೀರಿನಂಥ ಸಿಂಬಳ, ಬಾಯಾರಿಕೆ ಇಲ್ಲ, ಕುಡಿದರೂ ಬಿಸಿನೀರೇ ಬೇಕು. ನಾಲಿಗೆಯ ಮೇಲೆ ತೆಳುವಾದ ಬಿಳಿ ಲೇಪ. ನಾಡಿ ಮೇಲೆಯೇ ತೇಲುತ್ತದೆ, ಬೆರಳನ್ನು ಹಗುರವಾಗಿ ಇಟ್ಟರೂ ಸಿಗುತ್ತದೆ, ಒತ್ತಿದರೆ ತೆಳುವಾಗುತ್ತದೆ. ಇಷ್ಟು ಕಂಡ ಮೇಲೆ ಕೈಯನ್ನು ಅಂಗಿಯೊಳಗೆ ಹಾಕಿ ಬೆನ್ನು ಮುಟ್ಟಿ ನೋಡುತ್ತೇನೆ, ಏಕೆಂದರೆ ಬೆವರು ಇದೆಯೋ ಇಲ್ಲವೋ ಎಂಬುದರ ಮೇಲೆ ದಾರಿ ಇಲ್ಲಿ ಎರಡಾಗುತ್ತದೆ.

ಬೆನ್ನು ಒಣಗಿದ್ದು, ನಾಡಿ ಹುರಿಗಟ್ಟಿದ್ದರೆ ಮಾ ಹುವಾಂಗ್ ಥಾಂಗ್ ಎಂಬ ಕಷಾಯ. ಬೆನ್ನು ತುಸು ತೇವವಾಗಿದ್ದು, ನಾಡಿ ಸಡಿಲವಾಗಿದ್ದು, ಗಾಳಿ ಕಂಡರೆ ಆಗದಿದ್ದರೆ ಗುಯಿ ಝಿ ಥಾಂಗ್. ಎರಡೂ ಕ್ರಿ.ಶ. 200ರ ಸುಮಾರಿನ ಚೀನೀ ವೈದ್ಯ ಝಾಂಗ್ ಝೊಂಗ್‌ಜಿಂಗ್ ಬರೆದಿಟ್ಟ ಯೋಗಗಳು. ಮೊದಲನೆಯದರಲ್ಲಿರುವ ಮಾ ಹುವಾಂಗ್ ಗಿಡದಲ್ಲಿ ಎಫೆಡ್ರಿನ್ ಇದೆ. ಅದು ಬೆವರು ಬರಿಸುತ್ತದೆ, ಜೊತೆಗೆ ರಕ್ತದೊತ್ತಡವನ್ನೂ ಎದೆಬಡಿತವನ್ನೂ ಏರಿಸುತ್ತದೆ. ಅಮೆರಿಕ 2004ರಲ್ಲಿ ಈ ಗಿಡವಿರುವ ಆಹಾರಪೂರಕಗಳನ್ನು ನಿಷೇಧಿಸಿತು. ಬಿಪಿ, ಹೃದ್ರೋಗ, ಪ್ರಾಸ್ಟೇಟ್ ತೊಂದರೆ, ನಿದ್ರಾಹೀನತೆ ಇರುವವರಿಗೆ, ಗರ್ಭಿಣಿಯರಿಗೆ ನಾನು ಅದನ್ನು ಮುಟ್ಟುವುದಿಲ್ಲ. ಮನೆಯಲ್ಲಿ ತಾವಾಗಿ ಕುದಿಸಿಕೊಳ್ಳುವ ಮದ್ದು ಅದು ಅಲ್ಲವೇ ಅಲ್ಲ.

ಗುಯಿ ಝಿ ಥಾಂಗ್ ಸೌಮ್ಯ. ಇವತ್ತಿನ ಅಳತೆಯಲ್ಲಿ ದೊಡ್ಡವರಿಗೆ ಒಂದು ದಿನಕ್ಕೆ ದಾಲ್ಚಿನ್ನಿ ಮರದ ಎಳೆ ಕಡ್ಡಿ (ಅಡುಗೆಯ ಚಕ್ಕೆ ಅಲ್ಲ) 9 ಗ್ರಾಂ, ಬಿಳಿ ಪಿಯೊನಿ ಬೇರು 9 ಗ್ರಾಂ, ಹಸಿ ಶುಂಠಿ 9 ಗ್ರಾಂ, ಜೇನಿನಲ್ಲಿ ಹುರಿದ ಜೇಷ್ಠಮಧು 6 ಗ್ರಾಂ, ಒಣಗಿದ ಚೀನೀ ಎಲಚಿಹಣ್ಣು ಮೂರೋ ನಾಲ್ಕೋ. ಹಣ್ಣನ್ನು ಸೀಳಿ ಹಾಕಬೇಕು, ಇಡಿಯಾಗಿ ಹಾಕಿದರೆ ಸತ್ವ ಬಿಡುವುದಿಲ್ಲ. ಬಿಪಿ ಇರುವವರಿಗೆ, ಪೊಟ್ಯಾಸಿಯಂ ಕಡಿಮೆ ಮಾಡುವ ಮೂತ್ರವರ್ಧಕ ಮಾತ್ರೆ ನುಂಗುವವರಿಗೆ ಜೇಷ್ಠಮಧು ಆಗಿಬರುವುದಿಲ್ಲ. ಅದನ್ನು ಕೇಳದೆ ಕೊಡಬಾರದು.

ಇದನ್ನು ಕುದಿಸಿ ಕುಡಿದು ಸುಮ್ಮನೆ ಕುಳಿತರೆ ಅರ್ಧ ಕೆಲಸ ಉಳಿಯಿತು ಎಂದೇ ಅರ್ಥ. ಉಳಿದರ್ಧ ಗಂಜಿ ಮತ್ತು ಹೊದಿಕೆ. ಕಷಾಯ ಕುಡಿದ ಸ್ವಲ್ಪ ಹೊತ್ತಿಗೆ ಒಂದು ಬಟ್ಟಲು ತೆಳ್ಳನೆಯ ಬಿಸಿ ಅನ್ನದ ಗಂಜಿ ಕುಡಿಸಿ, ಹೊದಿಸಿ, ಸುಮಾರು ಎರಡು ಗಂಟೆ ಮಲಗಿಸುತ್ತೇನೆ. ಬರಬೇಕಾದ್ದು ಹಣೆ, ಬೆನ್ನು, ಅಂಗಾಲಿನವರೆಗೆ ಒಂದೇ ಸಮನಾದ ಸಣ್ಣ ತೇವ. ಅಂಗೈಯಿಂದ ಬೆನ್ನನ್ನು ಸವರಿದರೆ ಚರ್ಮ ಮೆದುವಾಗಿ ಅಂಟಬೇಕು, ಹನಿ ಇಳಿಯಬಾರದು. ಎದೆಯಲ್ಲಿ ಮಾತ್ರ ಬೆವರಿ ಕಾಲು ತಣ್ಣಗಿದ್ದರೆ ಇನ್ನೂ ಆಗಿಲ್ಲ, ಕಾಲಿಗೂ ಹೊದಿಕೆ ಸೇರಿಸಿ ಇನ್ನಷ್ಟು ಗಂಜಿ ಕೊಡಬೇಕು. ಬೆವರು ಬಂದು ಹಗುರವೆನಿಸಿದರೆ ಉಳಿದ ಕಷಾಯವನ್ನು ಚೆಲ್ಲಿಬಿಡಿ. ದುಡ್ಡು ಕೊಟ್ಟದ್ದು ಎಂದು ಪೂರ್ತಿ ಕುಡಿದು ನೀರಿನಂತೆ ಬೆವರಿದವರಿಗೆ ಸುಸ್ತು, ಎದೆ ಹಾರುವುದು, ಮತ್ತೆ ಚಳಿ. ಒದ್ದೆ ಬಟ್ಟೆ ಬದಲಿಸಿ ಒಣ ಟವೆಲಿನಿಂದ ಒರೆಸಬೇಕು, ಫ್ಯಾನ್ ಹಾಕಬಾರದು. ಆ ದಿನ ತಣ್ಣಗಿನದು, ಜಿಡ್ಡಿನದು, ಮಾಂಸ, ಮದ್ಯ ಬೇಡ.

ಚಳಿ ಈಗಷ್ಟೇ ಹತ್ತುತ್ತಿದೆ ಎನ್ನುವ ಹಂತದಲ್ಲಿ ಇಷ್ಟೂ ಬೇಕಿಲ್ಲ. ಬೇರುಸಮೇತ ಈರುಳ್ಳಿ ಸೊಪ್ಪಿನ ಬಿಳಿ ಭಾಗ ನಾಲ್ಕೈದು, ಹುದುಗಿಸಿದ ಕಪ್ಪು ಸೋಯಾ ಕಾಳು 10 ಗ್ರಾಂ, ಎರಡು ಲೋಟ ನೀರಲ್ಲಿ ಹತ್ತು ನಿಮಿಷ. ನಮ್ಮ ಮನೆಗಳ ಶುಂಠಿ-ಮೆಣಸಿನ ಕಷಾಯವೂ ಈ ಲೆಕ್ಕದಲ್ಲಿ ಗಾಳಿ-ಶೀತದ ಮದ್ದೇ. ಅದನ್ನು ಗಂಟಲು ಉರಿಯುವ ನೆಗಡಿಗೂ ಕೊಡುತ್ತಾರಲ್ಲ, ಅಲ್ಲಿ ನಾನು ತಡೆಯುತ್ತೇನೆ.

ಗಾಳಿ-ಉಷ್ಣದಲ್ಲಿ ಎಲ್ಲವೂ ಗಂಟಲಿನಿಂದ ಶುರು. ಟಾರ್ಚ್ ಹಾಕಿ ನೋಡಿದರೆ ಕೆಂಪು ಕಾಣುತ್ತದೆ, ಉಗುಳು ನುಂಗಿದರೂ ನೋವು. ಚಳಿ ಒಂದಿಷ್ಟು ಇದ್ದು ಬೇಗ ಹೋಗುತ್ತದೆ, ಜ್ವರ ಮುಂದೆ ಬರುತ್ತದೆ. ಬಾಯಾರಿಕೆ, ದಪ್ಪ ಸಿಂಬಳ, ನಾಲಿಗೆಯ ತುದಿ ಕೆಂಪು, ನಾಡಿ ತೇಲುತ್ತಾ ಓಡುತ್ತದೆ. ಇದಕ್ಕೆ ಯಿನ್ ಛಿಯಾವೊ ಸಾನ್, 18ನೇ ಶತಮಾನದ ಕೊನೆಯಲ್ಲಿ ವು ಜ್ಯೂಟಾಂಗ್ ಎಂಬ ವೈದ್ಯ ಕೊಟ್ಟ ಯೋಗ. ಹನಿಸಕಲ್ ಮೊಗ್ಗು ಮತ್ತು ಫಾರ್ಸಿಥಿಯಾ ಕಾಯಿ ತಲಾ ಹತ್ತು ಭಾಗ. ಪುದೀನ ಜಾತಿಯ ಬೊ ಹೆ, ಜಿಯೆ ಗೆಂಗ್ ಬೇರು, ಬರ್ಡಾಕ್ ಬೀಜ ತಲಾ ಆರು. ಜೇಷ್ಠಮಧು ಮತ್ತು ಹುದುಗಿಸಿದ ಸೋಯಾ ತಲಾ ಐದು. ಬಿದಿರಿನಂಥ ಎಲೆಯ ಝು ಯೆ ಮತ್ತು ಜಿಂಗ್ ಜಿಯೆಯ ತೆನೆ ತಲಾ ನಾಲ್ಕು. ಎಲ್ಲ ತರಿತರಿಯಾಗಿ ಪುಡಿ ಮಾಡಿ, ಸಲಕ್ಕೆ 18 ಗ್ರಾಂನಷ್ಟನ್ನು ಜೊಂಡಿನ ಹಸಿ ಬೇರು ಬೇಯಿಸಿದ ನೀರಲ್ಲಿ ಹಾಕಿ, ಪರಿಮಳ ಗಮ್ಮೆಂದು ಎದ್ದ ಕೂಡಲೇ ಇಳಿಸಬೇಕು.

ಹೆಚ್ಚಿನವರು ಕೆಡಿಸುವುದು ಇಲ್ಲಿಯೇ. ಕಷಾಯವೆಂದರೆ ಅರ್ಧಕ್ಕೆ ಇಳಿಯಬೇಕು ಎಂಬ ರೂಢಿಯಿಂದ ಮುಕ್ಕಾಲು ಗಂಟೆ ಕುದಿಸುತ್ತಾರೆ. ಬೊ ಹೆ, ಜಿಂಗ್ ಜಿಯೆಗಳ ಎಣ್ಣೆಯೆಲ್ಲ ಆವಿಯಾಗಿ ಹೋಗಿ ಬರೀ ಕಹಿ ಉಳಿಯುತ್ತದೆ. ಹೆಚ್ಚು ಬೆಂದರೆ ರುಚಿ ದಪ್ಪವಾಗಿ ಮದ್ದು ಶ್ವಾಸಕೋಶ ಬಿಟ್ಟು ಹೊಟ್ಟೆಗೆ ಇಳಿಯುತ್ತದೆ ಎಂದು ವು ಜ್ಯೂಟಾಂಗನೇ ಎಚ್ಚರಿಸಿದ್ದ. ಪುಡಿ ಮಾಡದೆ ಇಡೀ ಮೂಲಿಕೆ ಬಳಸುವುದಾದರೆ ನನ್ನ ಕ್ರಮ ಇಷ್ಟು: ಮಣ್ಣಿನ ಅಥವಾ ಸ್ಟೀಲಿನ ಪಾತ್ರೆ (ಕಬ್ಬಿಣ ಬೇಡ), ಅರ್ಧ ಗಂಟೆ ನೆನೆಹಾಕು, ಮೂಲಿಕೆಯ ಮೇಲೆ ಎರಡು ಬೆರಳು ನೀರು, ಕುದಿ ಬಂದ ಮೇಲೆ ಸಣ್ಣ ಉರಿಯಲ್ಲಿ ಹತ್ತರಿಂದ ಹದಿನೈದು ನಿಮಿಷ, ಬೊ ಹೆ ಕೊನೆಯ ಮೂರು ನಿಮಿಷಕ್ಕೆ, ಮುಚ್ಚಳ ಹಾಕಿಯೇ.

ಜ್ವರ ಅಷ್ಟಿಲ್ಲದೆ ಕೆಮ್ಮೇ ಮುಂದಾದರೆ ಸಾಂಗ್ ಜ್ಯು ಯಿನ್: ಹಿಪ್ಪುನೇರಳೆ ಎಲೆ ಮತ್ತು ಸೇವಂತಿಗೆ ಹೂವು ಅದರ ಮುಂದಾಳುಗಳು. ರಾಮನಗರದ ಕಡೆ ರೇಷ್ಮೆಹುಳಕ್ಕೆ ಹಾಕುವ ಅದೇ ಹಿಪ್ಪುನೇರಳೆ. ಆದರೆ ಚೀನೀ ವೈದ್ಯರು ಇಬ್ಬನಿ ಹೆಪ್ಪುಗಟ್ಟುವ ಚಳಿ ಬಿದ್ದ ಮೇಲೆ ಕೊಯ್ದು ಒಣಗಿಸಿದ ಎಲೆಯನ್ನೇ ಆರಿಸುತ್ತಾರೆ.

ಪುಸ್ತಕದಲ್ಲಿ ಗಾಳಿ-ಶೀತ, ಗಾಳಿ-ಉಷ್ಣ ಎರಡೂ ಬೇರೆ ಬೇರೆ ಪುಟದಲ್ಲಿವೆ, ಬರುವವರಲ್ಲಿ ಬೆರೆತೇ ಇರುತ್ತವೆ. ಚಳಿಯೂ ಇದೆ, ಗಂಟಲೂ ಉರಿಯುತ್ತಿದೆ. ಹೊರಗಿನ ಶೀತ ಒಳಗಿನ ಬೆಂಕಿಯನ್ನು ಸುತ್ತಿಕೊಂಡಿದೆ ಎನ್ನುತ್ತಾರೆ ಚೀನಾದಲ್ಲಿ. ಆಗ ಬರೀ ತಂಪಿನ ಮದ್ದು ಕೊಟ್ಟರೆ ಚಳಿ ಒಳಗೇ ಸಿಕ್ಕಿಬೀಳುತ್ತದೆ, ಬರೀ ಬಿಸಿಯದು ಕೊಟ್ಟರೆ ಗಂಟಲು ಇನ್ನಷ್ಟು ಊದುತ್ತದೆ. ಯಿನ್ ಛಿಯಾವೊ ಸಾನ್‌ನಲ್ಲಿ ತಂಪಿನ ನಡುವೆ ಜಿಂಗ್ ಜಿಯೆಯಂಥ ಬೆಚ್ಚನೆಯದನ್ನು ಇಟ್ಟಿರುವುದು ಇದಕ್ಕೇ. ಚಳಿ ಹೆಚ್ಚಿದ್ದರೆ ಆ ಭಾಗವನ್ನೇ ತುಸು ಏರಿಸುತ್ತೇನೆ. ಸಿಂಬಳದ ಬಣ್ಣ ನೋಡಿ ಮಾತ್ರ ತೀರ್ಮಾನಿಸುವುದಿಲ್ಲ. ರಾತ್ರಿಯಿಡೀ ಒಣಗಿದ ಸಿಂಬಳ ಬೆಳಿಗ್ಗೆ ಎಲ್ಲರಲ್ಲೂ ಹಳದಿ. ಮಧ್ಯಾಹ್ನದ್ದು ನೋಡಬೇಕು. ನಾಲಿಗೆಯೂ ಹಾಗೆಯೇ, ಕಿಟಕಿಯ ಬೆಳಕಿಗೆ ತಿರುಗಿಸಿ ನೋಡುತ್ತೇನೆ. ಕಾಫಿ, ಅರಿಶಿನದ ಹಾಲು, ಬಣ್ಣದ ಲೋಜೆಂಜ್ ಬಾಯಿಗೆ ಹೋಗಿದ್ದರೆ ಹಳದಿ ಲೇಪಕ್ಕೆ ಬೆಲೆ ಇಲ್ಲ.

ಬೇಸಿಗೆಯ ತೇವದ್ದು ಮೂರನೆಯ ಬಗೆ. ಗ್ವಾಂಗ್‌ಝೌ, ವುಹಾನ್ ಥರದ ಬೆವರೂರುಗಳಲ್ಲಿ ಎಸಿ ಕೋಣೆಗೂ ಬಿಸಿಲಿಗೂ ಓಡಾಡುವವರಲ್ಲಿ ಹೆಚ್ಚು. ತಲೆ ಭಾರ, ಮೈ ಸೀಸದಷ್ಟು ಭಾರ, ವಾಕರಿಕೆ, ಸಡಿಲ ಮಲ, ನಾಲಿಗೆಯ ಮೇಲೆ ಜಿಡ್ಡಿನ ದಪ್ಪ ಲೇಪ. ಚಳಿ, ಹೊಟ್ಟೆಯ ತೊಂದರೆ ಎರಡೂ ಇದ್ದರೆ ಹುವೊ ಶಿಯಾಂಗ್ ಝೆಂಗ್ ಛಿ ಎಂಬ ಮದ್ದು. ಇದರ ಹಳೆಯ ದ್ರವರೂಪದಲ್ಲಿ 40ರಿಂದ 50 ಶೇಕಡಾ ಆಲ್ಕೋಹಾಲ್ ಇದೆ. ಕುಡಿದು ಗಾಡಿ ಓಡಿಸಬಾರದು, ಆಲ್ಕೋಹಾಲಿಗೆ ಆಗದ ಕೆಲವು ಸೆಫಲೋಸ್ಪೊರಿನ್ ಆ್ಯಂಟಿಬಯಾಟಿಕ್ ನಡೆಯುತ್ತಿದ್ದರೆ ಹತ್ತಿರವೂ ತರಬಾರದು. ಆಲ್ಕೋಹಾಲ್ ಇಲ್ಲದ ದ್ರವವೂ ಸಿಗುತ್ತದೆ, ಅದನ್ನೇ ಕೇಳಿ.

ಚೀನಾದಲ್ಲಿ ಓದುವ, ವ್ಯಾಪಾರ ಮಾಡುವ ಕನ್ನಡಿಗರು ಅಂಗಡಿಯ ಡಬ್ಬಿಯ ಹೆಸರು ನೋಡಿ ಮೋಸಹೋಗಬೇಡಿ. ಗಾನ್ ಮಾವೊ ಛಿಂಗ್ ರ ಎಂಬ ಹರಳು ಹರಳಾದ ಮದ್ದಿನ ಹೆಸರಿನಲ್ಲಿ ಉಷ್ಣ ನಿವಾರಣೆ ಎಂದಿದೆ, ಮದ್ದು ಮಾತ್ರ ಗಾಳಿ-ಶೀತದ್ದು. ವಿಟಮಿನ್ ಸಿ ಯಿನ್ ಛಿಯಾವೊ ಮಾತ್ರೆಯಲ್ಲಿ ಮೂಲಿಕೆಯ ಜೊತೆ ಪ್ಯಾರಾಸಿಟಮಾಲ್ ಮತ್ತು ಕ್ಲೋರ್‌ಫೆನಿರಮಿನ್ ಇವೆ. ಅದರ ಮೇಲೆ ಇನ್ನೊಂದು ಜ್ವರದ ಮಾತ್ರೆ ನುಂಗಿದರೆ ಪ್ಯಾರಾಸಿಟಮಾಲ್ ಇಮ್ಮಡಿ, ಪೆಟ್ಟು ಲಿವರ್‌ಗೆ. ಇನ್ನು ಬಾನ್ ಲಾನ್ ಗೆನ್ ಎಂಬ ಬೇರಿನ ಮದ್ದು. 2003ರಲ್ಲಿ ಸಾರ್ಸ್ ಭಯಕ್ಕೆ ಗ್ವಾಂಗ್‌ಝೌ ಜನ ಮುಗಿಬಿದ್ದು ಕೊಂಡದ್ದು ಇದನ್ನೇ. ಇದು ತಣ್ಣನೆಯ ಮದ್ದು. ಚಳಿಯಿಂದ ನಡುಗುವವರಿಗೆ ಕೊಟ್ಟರೆ ಹೊಟ್ಟೆ ಕೆಡುತ್ತದೆ, ನೆಗಡಿ ಎಳೆಯುತ್ತದೆ.

ಪದೇ ಪದೇ ನೆಗಡಿಯಾಗುವ ದುರ್ಬಲರಿಗೆ ಯೂ ಪಿಂಗ್ ಫೆಂಗ್ ಸಾನ್ ಹೇಳುತ್ತೇನೆ: ಹುವಾಂಗ್ ಛಿ, ಬಾಯ್ ಝು, ಫಾಂಗ್ ಫೆಂಗ್, ಮೂರೇ ಮೂಲಿಕೆ. ನೆಗಡಿ ಪೂರ್ತಿ ಇಳಿದ ಮೇಲೆ, ನಾಲಿಗೆ ಶುಭ್ರವಾದ ಮೇಲೆ ಮಾತ್ರ. ಜ್ವರ ಇರುವಾಗ ಇಂಥ ಬಲದ ಮದ್ದು ಕೊಡುವುದೆಂದರೆ ಕಳ್ಳ ಒಳಗಿರುವಾಗ ಬಾಗಿಲು ಹಾಕಿದ ಹಾಗೆ.

ಉಸಿರಾಟಕ್ಕೆ ಕಷ್ಟ, ಎದೆನೋವು, ಮೂರು ದಿನ ದಾಟಿದರೂ ಇಳಿಯದ ಜ್ವರ, ಕುತ್ತಿಗೆ ಬಗ್ಗದಂಥ ತಲೆನೋವು, ಉಗುಳನ್ನೂ ನುಂಗಲಾಗದ ಗಂಟಲು, ಮೂರು ತಿಂಗಳೊಳಗಿನ ಕೂಸಿಗೆ ಜ್ವರ: ಇವು ಕಂಡರೆ ನಾಡಿ ಹಿಡಿದು ಬಗೆ ಹುಡುಕುತ್ತಾ ಕೂರುವುದಿಲ್ಲ, ಅದೇ ಗಳಿಗೆ ಆಸ್ಪತ್ರೆಗೆ ಕಳಿಸುತ್ತೇನೆ.