ರೇಡಿಯೋ ಸುಮ್ಮನೆ ಕೇಳುತ್ತಾ ಕೂತಿದ್ದರ ಲೆಕ್ಕ

ಎಂ.ಟೆಕ್ ಪ್ರಾಜೆಕ್ಟಿಗೆ ಅಡಿಕೆ ತೋಟದ ಮಣ್ಣಿನ ತೇವ ಅಳೆಯುವ ಸೆನ್ಸರ್ ಜಾಲವನ್ನು ಆರಿಸಿಕೊಂಡಿದ್ದೆ. ಬ್ಯಾಟರಿ ಎಷ್ಟು ದಿನ ಬರುತ್ತದೆಂದು ತಿಳಿಯಲು, 2000ದಲ್ಲಿ ಲೀಚ್ ಎಂಬ, ಸೆನ್ಸರ್ ಜಾಲದ ಶಕ್ತಿ ಉಳಿಸುವ ಪ್ರೋಟೊಕಾಲ್ ಜೊತೆ ಬಂದ ರೇಡಿಯೋ ಮಾದರಿಯನ್ನೇ ಹಿಡಿದೆ. ಬಿಟ್ ಒಂದನ್ನು ಕಳಿಸಲು ಅಥವಾ ಪಡೆಯಲು ಸರ್ಕ್ಯೂಟಿಗೆ 50 ನ್ಯಾನೊಜೂಲ್. ಕಳಿಸುವಾಗ ದೂರಕ್ಕೆ ತಕ್ಕಂತೆ ಆಂಪ್ಲಿಫೈಯರ್ ಖರ್ಚು ಬೇರೆ. ಐದು ನಿಮಿಷಕ್ಕೊಂದು ಪ್ಯಾಕೆಟ್ ಎಂದು ಲೆಕ್ಕ ಹಾಕಿದರೆ ಸೆಲ್ ಮುಗಿಯುವ ಮಾತೇ ಇರಲಿಲ್ಲ. ಲ್ಯಾಬಿನ ಮೇಜಿನ ಮೇಲಿದ್ದ ಟೆಲೋಸ್‌ಬಿ ನೋಡ್ (ರೇಡಿಯೋ ಇರುವ ಪುಟ್ಟ ಸೆನ್ಸರ್ ಬೋರ್ಡ್) ಮಾತ್ರ ವಾರದೊಳಗೆ ಆರಿಹೋಯಿತು.

ಉತ್ತರ ಡೇಟಾಶೀಟಿನಲ್ಲೇ ಇತ್ತು. ಅದರ ಸಿಸಿ2420 ರೇಡಿಯೋ ಪೂರ್ಣ ಶಕ್ತಿಯಲ್ಲಿ ಕಳಿಸುವಾಗ ಎಳೆಯುವುದು 17.4 ಮಿಲಿಆಂಪ್, ಕೇಳುವಾಗ 18.8. ಅಂದರೆ ಕೇಳುವುದೇ ದುಬಾರಿ! ನಾನು ರೇಡಿಯೋವನ್ನು ಆಫ್ ಮಾಡಿರಲೇ ಇಲ್ಲ. 2500 ಮಿಲಿಆಂಪ್-ಅವರ್ ಸೆಲ್ಲನ್ನು 18.8ರಿಂದ ಭಾಗಿಸಿದರೆ 133 ಗಂಟೆ, ಐದೂವರೆ ದಿನ.

ಬಿಟ್ ಎಣಿಸುವುದನ್ನು ಬಿಟ್ಟು ಸಮಯ ಎಣಿಸತೊಡಗಿದೆ. ನೋಡಿನಲ್ಲಿ ಓಡುವ ಆಪರೇಟಿಂಗ್ ಸಿಸ್ಟಮ್ ಕಾಂಟಿಕಿಯ ಎನರ್ಜೆಸ್ಟ್ ಎಂಬ ಭಾಗ, ರೇಡಿಯೋ ಕಳಿಸಿದ್ದು ಎಷ್ಟು ಹೊತ್ತು, ಕೇಳಿದ್ದು ಎಷ್ಟು ಹೊತ್ತು, ಪ್ರೊಸೆಸರ್ ಎಚ್ಚರವಿದ್ದದ್ದು, ಮಲಗಿದ್ದು ಎಷ್ಟೆಂದು ಟಿಕ್‌ಗಳಲ್ಲಿ ಕೊಡುತ್ತದೆ. ಟಿಕ್‌ಗಳನ್ನು 32768ರಿಂದ (ಸೆಕೆಂಡಿಗೆ ಅಷ್ಟು ಟಿಕ್) ಭಾಗಿಸಿ, ಆಯಾ ಸ್ಥಿತಿಯ ಕರೆಂಟಿನಿಂದಲೂ 3 ವೋಲ್ಟಿನಿಂದಲೂ ಗುಣಿಸಿದರೆ ಶಕ್ತಿ ಸಿಕ್ಕಿತು.

ಆಮೇಲೆ ಕಾಂಟಿಕಿಯದೇ ಕಾಂಟಿಕಿಮ್ಯಾಕ್ ಪ್ರೋಟೊಕಾಲ್ ಹಾಕಿದೆ. ಸೆಕೆಂಡಿಗೆ 8 ಸಲ ಕ್ಷಣಕಾಲ ಎದ್ದು ಚಾನಲ್ ನೋಡಿ ಮತ್ತೆ ಮಲಗುವ ರೇಡಿಯೋ. ಕೇಳುವ ಖರ್ಚು ಪಾತಾಳಕ್ಕಿಳಿಯಿತು, ಆದರೆ ಕಳಿಸುವ ಖರ್ಚು ನನ್ನ ಊಹೆ ಮೀರಿ ಏರಿತು. ಇದನ್ನು ಅರ್ಥಮಾಡಿಕೊಳ್ಳಲು ನನಗೆ ಎರಡು ವಾರ ಹಿಡಿಯಿತು. 30 ಬೈಟಿನ ಪ್ಯಾಕೆಟ್ 250 ಕಿಲೋಬಿಟ್ ವೇಗದಲ್ಲಿ ಗಾಳಿಯಲ್ಲಿರುವುದು ಸುಮಾರು 1 ಮಿಲಿಸೆಕೆಂಡ್. ಆದರೆ ಆ ಕಡೆಯವನು ಎದ್ದು ಉತ್ತರ ಕೊಡುವ ತನಕ ಅದನ್ನೇ ಮತ್ತೆ ಮತ್ತೆ ಕಳಿಸಬೇಕು, ಹೆಚ್ಚೆಂದರೆ 125 ಮಿಲಿಸೆಕೆಂಡ್. ಪಕ್ಕದ ನೋಡ್ ಏಳುವ ಹೊತ್ತನ್ನು ಕಲಿತುಕೊಂಡ ಮೇಲೆ ಯೂನಿಕಾಸ್ಟ್, ಅಂದರೆ ಒಂದೇ ನೋಡಿಗೆ ಕಳಿಸುವುದು, ಅಗ್ಗವಾಗುತ್ತದೆ. ಎಲ್ಲರಿಗೂ ಒಟ್ಟಿಗೆ ಕಳಿಸುವ ಬ್ರಾಡ್‌ಕಾಸ್ಟಿಗೆ ಆ ವಿನಾಯಿತಿ ಇಲ್ಲ, ಪ್ರತಿ ಸಲವೂ ಪೂರ್ತಿ ಅವಧಿ ಕೂಗಬೇಕು. ನನ್ನ ಮಾದರಿಯಲ್ಲಿದ್ದುದು ತೇವದ ಡೇಟಾ ಮಾತ್ರ. ಪ್ಯಾಕೆಟ್ಟಿಗೆ ದಾರಿ ಹುಡುಕುವ ಆರ್‌ಪಿಎಲ್ ಪ್ರೋಟೊಕಾಲಿನ ಸಂದೇಶಗಳನ್ನು ಎಣಿಸಿರಲೇ ಇಲ್ಲ; ಅವುಗಳಲ್ಲಿ ಹಲವು ಹೋಗುವುದು ಬ್ರಾಡ್‌ಕಾಸ್ಟ್ ಆಗಿಯೇ.

ಅವನ್ನು ಸೇರಿಸಿದ ಮೇಲೆ ಸೆಲ್ ದಾರಿಯಲ್ಲಿ 10 ಓಮ್ ರೆಸಿಸ್ಟರ್ ಇಟ್ಟು ಆಸಿಲೋಸ್ಕೋಪಿನಲ್ಲಿ ತಾಳೆ ನೋಡಿದೆ. ರೇಡಿಯೋ ಎದ್ದಾಗ 190 ಮಿಲಿವೋಲ್ಟಿನ (18.8 ಮಿಲಿಆಂಪ್ × 10 ಓಮ್) ಆಸುಪಾಸಿನ ಗೋಡೆಗಳು ಸ್ಪಷ್ಟವಾಗಿ ಕಂಡವು. ಮಲಗಿದಾಗಿನ ಮೈಕ್ರೋಆಂಪ್‌ಗಳು ಸ್ಕೋಪಿನ ಗದ್ದಲದಲ್ಲಿ ಮುಳುಗಿದವು, ಅದಕ್ಕೆ ಡೇಟಾಶೀಟನ್ನೇ ನಂಬಬೇಕಾಯಿತು.

ಈಗ ಜಾಲದ ಸರಾಸರಿ ಆಯುಸ್ಸನ್ನು ನಾನು ವರದಿಯಲ್ಲಿ ಬರೆಯುವುದಿಲ್ಲ. ಡೇಟಾವನ್ನೆಲ್ಲ ಸೇರಿಸಿಕೊಳ್ಳುವ ಗೇಟ್‌ವೇ ಪಕ್ಕದ ನೋಡ್ ಎಲ್ಲರ ಪ್ಯಾಕೆಟ್ಟನ್ನೂ ಹೊರುತ್ತದೆ. ಅದು ಎಷ್ಟು ದಿನ ಬದುಕುತ್ತದೆ ಎಂಬುದನ್ನೇ ಮೊದಲ ಸಾಲಿನಲ್ಲಿ ಕೊಡುತ್ತೇನೆ.