ಮನೆಯಲ್ಲಿ ಸಾವಾದ ಮೇಲೆ ‘ದೇವರು ಒಳ್ಳೆಯವನಾ?’ ಅಂತ ಕೇಳಿದರೆ ಏನು ಹೇಳಬೇಕು

ಅಕ್ಕನ ಮಗ ಹೋದಾಗ ಅವನಿಗೆ 22 ವರ್ಷ. ಕೆಲಸ ಮುಗಿಸಿ ಸ್ಕೂಟರಲ್ಲಿ ಚಳ್ಳಕೆರೆ ಕಡೆ ಬರುತ್ತಿದ್ದ. ಕುಡಿದು ಲಾರಿ ಓಡಿಸುತ್ತಿದ್ದವನೊಬ್ಬ ರಾಂಗ್ ಸೈಡಲ್ಲಿ ಬಂದ. ಆಮೇಲೆ ನಮ್ಮ ಕೈಗೆ ಬಂದ ಸಾಮಾನಿನಲ್ಲಿ ಅವನ ಊಟದ ಡಬ್ಬಿ ಇತ್ತು. ಒಂದು ಬದಿ ನೆಗ್ಗಿತ್ತು, ಒಳಗೆ ಅರ್ಧ ಚಪಾತಿ ಉಳಿದಿತ್ತು. ಅಕ್ಕ ಡಬ್ಬಿ ತೊಳೆದು, ಸೆರಗಲ್ಲಿ ಒರೆಸಿ, ದೇವರ ಮನೆಯಲ್ಲಿ ದೇವರ ಫೋಟೋದ ಮುಂದೆ ಇಟ್ಟಳು. “ನೋಡ್ಕೋ” ಅಂದಳು. ಅವತ್ತಿನಿಂದ ದೀಪ ಹಚ್ಚಲಿಲ್ಲ.

“ತಡೀಬಹುದಿತ್ತಲ್ವಾ ಅವನು? ತಡೆಯೋಕೆ ಆಗ್ಲಿಲ್ಲ ಅಂದ್ರೆ ಎಂಥ ದೇವರು? ಆಗಿದ್ದೂ ಸುಮ್ನಿದ್ದ ಅಂದ್ರೆ ಎಂಥ ಒಳ್ಳೆಯವನು?” ಅಂತ ನನ್ನನ್ನು ಕೇಳಿದಳು. ನಾನು ಮೂವತ್ತು ವರ್ಷ ಹೈಸ್ಕೂಲಲ್ಲಿ ಕನ್ನಡ ಕಲಿಸಿದವಳು, ದೇವರನ್ನು ನಂಬುವವಳು. ಬಾಯಿ ಬರಲಿಲ್ಲ. ಆಮೇಲೆ ಎರಡು ವರ್ಷ ಓದಿದ್ದು, ಅಕ್ಕನ ಜೊತೆ ಕೂತು ಮಾತಾಡಿದ್ದು ಇಲ್ಲಿದೆ. ನಿಮ್ಮ ಮನೆಯಲ್ಲೂ ಯಾರಾದರೂ ಹೀಗೆ ಕೇಳಬಹುದು.

ಮೊದಲು, ‘ಹಿಂದಿನ ಜನ್ಮದ ಕರ್ಮ’ ಅನ್ನುವವರನ್ನು ತಡೆಯಿರಿ. ತಿಥಿ ದಿನ ಪಂಕ್ತಿಯಲ್ಲಿ ಕೂತವರೊಬ್ಬರು ಅಕ್ಕನಿಗೆ ಕೇಳುವ ಹಾಗೆ ಈ ಮಾತು ಆಡಿದರು. ನಾನು ಅವರನ್ನು ಹೊರಗೆ ಕರೆದುಕೊಂಡು ಹೋಗಿ, “ದಯವಿಟ್ಟು ಇದನ್ನ ಇಲ್ಲಿ ಹೇಳಬೇಡಿ” ಅಂದೆ. ಕರ್ಮದ ಮಾತು ಸುಳ್ಳು ಅಂತ ನಾನು ಹೇಳುತ್ತಿಲ್ಲ. ಅದು ಯಾವ ಪ್ರಶ್ನೆಗೆ ಉತ್ತರವಾಗಿ ಬಂತು ಅಂತ ತಿಳಿದಿರಬೇಕು. ವೇದಾಂತದ ಮೂಲಗ್ರಂಥವಾದ ಬ್ರಹ್ಮಸೂತ್ರದ 2ನೇ ಅಧ್ಯಾಯದ ಮೊದಲ ಪಾದದಲ್ಲಿ ಅಕ್ಕನ ಪ್ರಶ್ನೆಯೇ ಇದೆ. ಒಬ್ಬನಿಗೆ ಸುಖ, ಒಬ್ಬನಿಗೆ ದುಃಖ ಕೊಡುವ ದೇವರು ಪಕ್ಷಪಾತಿ ಅಲ್ಲವೇ, ಕರುಣೆ ಇಲ್ಲದವನಲ್ಲವೇ ಅಂತ. ಅಲ್ಲ, ಅವನು ಜೀವರ ಕರ್ಮವನ್ನು ನೋಡಿಯೇ ಸೃಷ್ಟಿಸುತ್ತಾನೆ ಅನ್ನುತ್ತದೆ ಸೂತ್ರ. ಶಂಕರರು ಇಲ್ಲಿ ಮಳೆಯ ಹೋಲಿಕೆ ಕೊಡುತ್ತಾರೆ. ಮಳೆ ಎಲ್ಲ ಬೀಜಕ್ಕೂ ಒಂದೇ. ಭತ್ತ ಭತ್ತವಾಗುವುದು, ಜವೆ ಜವೆಯಾಗುವುದು ಬೀಜದಿಂದ. ಇದು ದೇವರ ಮೇಲಿನ ಆರೋಪಕ್ಕೆ ಕೊಟ್ಟ ಉತ್ತರ. ಸತ್ತ ಹುಡುಗನ ಮೇಲೆ ಹೊರಿಸುವ ಅಪರಾಧ ಅಲ್ಲ. ಅವನ ಬೀಜ ಎಂಥದ್ದು ಅಂತ ಪಂಕ್ತಿಯಲ್ಲಿ ಕೂತವರಿಗೆ ಹೇಗೆ ಗೊತ್ತು? ಕರ್ಮದ ದಾರಿ ಗಹನ ಅಂತ ಕೃಷ್ಣನೇ ಹೇಳಿದ್ದಾನೆ.

ಆಮೇಲೆ, ನೋವು ಯಾವ ಬಗೆಯದು ನೋಡಿ. ಮನುಷ್ಯನ ಕೈಯಿಂದ ಬಂದಿದ್ದಾ, ಅಲ್ಲವಾ? ಎರಡಕ್ಕೂ ಒಂದೇ ಉತ್ತರ ಹೇಳಲು ಹೋದರೆ ಎರಡೂ ಕೆಡುತ್ತವೆ.

ನಮ್ಮ ಹುಡುಗನದು ಮನುಷ್ಯನ ಕೈಯಿಂದ ಆಗಿದ್ದು. ಗೀತೆಯ 18ನೇ ಅಧ್ಯಾಯದಲ್ಲಿ, ಹೇಳಬೇಕಾದ್ದನ್ನೆಲ್ಲ ಹೇಳಿದ ಮೇಲೆ, ಕೃಷ್ಣ ಅರ್ಜುನನಿಗೆ ‘ಪೂರ್ತಿ ಯೋಚನೆ ಮಾಡು, ಆಮೇಲೆ ನಿನಗೆ ಬೇಕಾದಂತೆ ಮಾಡು’ ಅನ್ನುತ್ತಾನೆ. ಕೈ ಹಿಡಿದು ಬಿಲ್ಲು ಎತ್ತಿಸುವುದಿಲ್ಲ. ಮಾಧ್ವರಲ್ಲಿ ದತ್ತ ಸ್ವಾತಂತ್ರ್ಯ ಅನ್ನುವ ಮಾತಿದೆ. ಸ್ವತಂತ್ರ ಅಂದರೆ ದೇವರೊಬ್ಬನೇ, ಜೀವನಿಗಿರುವುದು ಅವನು ಕೊಟ್ಟಷ್ಟು. ಆದರೂ ಕೊಟ್ಟಿದ್ದಾನೆ. ಅಕ್ಕನಿಗೆ ಇದನ್ನು ಪುಸ್ತಕದ ಮಾತಿನಲ್ಲಿ ಹೇಳಲಿಲ್ಲ. ಆ ರಾತ್ರಿ ಅದೇ ರಸ್ತೆಯಲ್ಲಿ ತರಕಾರಿ ಆಟೋದವನೊಬ್ಬ ನಿಲ್ಲಿಸಿದ್ದ. ತನ್ನ ಅಂಗಿ ಬಿಚ್ಚಿ ಹುಡುಗನ ತಲೆ ಕೆಳಗೆ ಇಟ್ಟು, ಟೊಮ್ಯಾಟೊ ಕ್ರೇಟು ರಸ್ತೆ ಬದಿಗೆ ಇಳಿಸಿ, ಆಸ್ಪತ್ರೆಗೆ ಕರೆದುಕೊಂಡು ಹೋದ. ಅವನು ನಿಲ್ಲದೆಯೂ ಹೋಗಬಹುದಿತ್ತು. ಲಾರಿಯವನ ಕೈಯನ್ನು ದೇವರು ಹಿಡಿದು ನಿಲ್ಲಿಸುವುದಾದರೆ, ಈ ಆಟೋದವನ ಕೈ ಅವನದಾಗಿ ಉಳಿಯುತ್ತಿತ್ತಾ? ಅಷ್ಟು ಕೇಳಿದೆ.

“ಅವನಿಗೆ ಕೊಟ್ಟ ಸ್ವಾತಂತ್ರ್ಯಕ್ಕೆ ನನ್ನ ಮಗ ಯಾಕೆ ಬೆಲೆ ತೆರಬೇಕು?” ಅಂದಳು ಅಕ್ಕ. ನಾನು ಸುಮ್ಮನಾದೆ. ನೀವೂ ಇಲ್ಲಿ ಸುಮ್ಮನಾಗಿ. ಈ ಪ್ರಶ್ನೆಗೆ ತಕ್ಷಣ ಬರುವ ಉತ್ತರ ಯಾವುದೇ ಇರಲಿ, ಅದನ್ನು ತಾಯಿಯ ಮುಂದೆ ಹೇಳಬೇಡಿ.

ಇನ್ನೊಂದು ಬಗೆ ಇದಕ್ಕಿಂತ ಕಷ್ಟ. 2018ರ ಆಗಸ್ಟಿನಲ್ಲಿ ಕೊಡಗಿನಲ್ಲಿ ಗುಡ್ಡ ಕುಸಿದು ಮನೆಗಳ ಮೇಲೆ ಬಿತ್ತು. ಕಾಡು ಕಡಿದದ್ದು, ಗುಡ್ಡ ಕೊರೆದದ್ದು ಅಂತ ಸ್ವಲ್ಪ ಮನುಷ್ಯನ ಕೈಯನ್ನು ಅಲ್ಲಿ ತೋರಿಸಬಹುದು. ಹುಟ್ಟುತ್ತಲೇ ಕಾಯಿಲೆ ಹೊತ್ತು ಬಂದ ಕೂಸಿಗೆ ಏನು ತೋರಿಸುವುದು? ಅಲ್ಲಿ ಸ್ವಾತಂತ್ರ್ಯದ ಮಾತು ಕೆಲಸಕ್ಕೆ ಬರುವುದಿಲ್ಲ. ಕರ್ಮಕ್ಕೆ ಆದಿಯೇ ಇಲ್ಲ ಅನ್ನುತ್ತದೆ ಬ್ರಹ್ಮಸೂತ್ರದ ಅದೇ ಪಾದದ ಮುಂದಿನ ಸೂತ್ರ. ತರ್ಕಕ್ಕೆ ಅದು ಸರಿಯಿರಬಹುದು, ನನ್ನ ಮನಸ್ಸಿಗೆ ಅದು ಸಾಲಲಿಲ್ಲ.

ನನಗೆ ಜಾಸ್ತಿ ಆಸರೆಯಾದವಳು ದ್ರೌಪದಿ. ಮಹಾಭಾರತದ ವನಪರ್ವದಲ್ಲಿ ಅವಳು ವಿಧಾತನನ್ನು ನೇರವಾಗಿ ಬೈಯುತ್ತಾಳೆ. ಮಗು ಆಟದ ಸಾಮಾನಿನ ಜೊತೆ ಆಡುವಂತೆ ನಮ್ಮ ಜೊತೆ ಆಡುತ್ತಾನೆ, ನಾವು ಮರದ ಬೊಂಬೆಗಳು ಅನ್ನುತ್ತಾಳೆ. ಧರ್ಮರಾಯ ಇದು ನಾಸ್ತಿಕರ ಮಾತು ಅಂತ ಗದರುತ್ತಾನೆ, ಜೊತೆಗೆ ತಾನು ಫಲಕ್ಕಾಗಿ ಧರ್ಮ ಮಾಡುತ್ತಿಲ್ಲ, ಕೊಡಬೇಕಾದ್ದು ಅಂತ ಕೊಡುತ್ತೇನೆ ಅನ್ನುತ್ತಾನೆ. ಅವಳು ಮತ್ತೆ ಬಾಯಿ ತೆರೆಯುತ್ತಾಳೆ: ನಾನು ಧರ್ಮವನ್ನು ಹಳಿಯುತ್ತಿಲ್ಲ, ನೊಂದು ಮಾತಾಡಿದೆ, ಇನ್ನೂ ಅಳುತ್ತೇನೆ, ಕೇಳು. ಆಮೇಲೆ ರೈತನ ಮಾತು ತೆಗೆಯುತ್ತಾಳೆ. ಉತ್ತು ಬಿತ್ತಿ ಕೂರುತ್ತಾನೆ, ಮುಂದಿನದು ಮಳೆಯದು. ಮಳೆ ಬಾರದಿದ್ದರೆ ರೈತನ ತಪ್ಪಿಲ್ಲ.

ಇದನ್ನು ಅಕ್ಕನಿಗೆ ಗಟ್ಟಿಯಾಗಿ ಓದಿ ಹೇಳಿದೆ. ನಮ್ಮದು ಶೇಂಗಾ ಬೆಳೆಯುವ ಒಣಭೂಮಿ. ಬೀಜ ಮಣ್ಣಲ್ಲೇ ಒಣಗಿದ ವರ್ಷಗಳನ್ನು ಅವಳು ಎಣಿಸಬಲ್ಲಳು. ‘ರೈತನ ತಪ್ಪಿಲ್ಲ’ ಅನ್ನುವಲ್ಲಿ, “ಇನ್ನೊಂದ್ಸಲ ಓದು” ಅಂದಳು. ಅವತ್ತು ಸ್ಕೂಟರ್ ತಗೊಂಡು ಹೋಗು ಅಂತ ಮಗನಿಗೆ ಹೇಳಿದ್ದು ತಾನೇ ಅನ್ನುವುದನ್ನು ಆಗ ನನಗೆ ಮೊದಲ ಸಲ ಹೇಳಿದಳು. ಎರಡು ವರ್ಷ ಅದನ್ನು ಒಳಗೇ ಇಟ್ಟುಕೊಂಡಿದ್ದಳು.

ಹಾಗಾಗಿ ದೇವರ ಮೇಲೆ ಸಿಟ್ಟಾದವರನ್ನು ಸಮಾಧಾನ ಮಾಡಲು ಅವಸರ ಬೇಡ. ಬೈಯಲು ಬಿಡಿ, ಪಕ್ಕದಲ್ಲಿ ಕೂತಿರಿ. ಸಿಟ್ಟಿನ ಕೆಳಗೆ ತನ್ನದೇ ತಪ್ಪು ಅನ್ನುವ ಭಯ ಇದೆಯಾ ಅಂತ ಕಿವಿಗೊಡಿ.

ಅಕ್ಕ ಈಗ ಸಂಜೆ ದೇವರ ಮನೆ ಬಾಗಿಲು ತೆರೆದು ಕೂರುತ್ತಾಳೆ. ಕೆಲವು ದಿನ ದೀಪ ಹಚ್ಚುತ್ತಾಳೆ, ಕೆಲವು ದಿನ ಬರೀ ಜಗಳ. ಡಬ್ಬಿ ಅಲ್ಲೇ ಇದೆ. ಎಣ್ಣೆ ಮುಗಿದಾಗ ತಂದಿಡುವುದು ನನ್ನ ಕೆಲಸ.